ಬೀಗರ ಮನೆಗೆ ಸಿಂಗಲ್ ಮಾಲ್ಟ್

ಕಂಪ್ಲಿಯ ಶಂಭುಲಿಂಗನಿಗೆ ಆ ವಾರವೆಲ್ಲ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ತನ್ನ ಅಕ್ಕಿ ಮಿಲ್ಲಿನಲ್ಲಿ ಹಮಾಲರು ಚೀಲ ಇಳಿಸುತ್ತಿದ್ದರೆ ಒಂದು ಹಿಡಿ ಅಕ್ಕಿಯನ್ನು ಅಂಗೈಗೆ ಹಾಕಿಕೊಂಡು ಮೂಗಿನ ಹತ್ತಿರ ಒಯ್ಯುವನು. ಹಳೆಯದೋ ಹೊಸದೋ ನೋಡಬೇಕೆಂದು ಒಯ್ದದ್ದನ್ನೇ ಮರೆತು ಮತ್ತೆ ಚೀಲಕ್ಕೆ ಸುರಿಯುವನು. ಸಂಜೆ ಮಠದ ಕಟ್ಟೆಯ ಮೇಲೆ ಹಿರಿಯರು ವಚನ ಹೇಳುವಾಗ ಚಿಕ್ಕಂದಿನಿಂದ ಕೇಳುತ್ತ ಬಂದ ಸಾಲುಗಳೂ ಅವನ ಕಿವಿಯ ಹೊರಗೇ ನಿಂತು ಹೋಗುತ್ತಿದ್ದವು. ಇವನು ಹೇಳುವವನಲ್ಲ, ಕೇಳುವವನು. ಐವತ್ತು ದಾಟಿದರೂ ಸಭೆಯಲ್ಲಿ ನಾಲ್ಕು ಮಾತು ಆಡಿದವನಲ್ಲ. ಈಗ ಕೇಳುವುದೂ ಕೈಬಿಟ್ಟಿತ್ತು.

ಕಾರಣ ಭರಮಣ್ಣ ತಂದ ಸುದ್ದಿ. ಸಂಡೂರಿನ ಉಜ್ಜಿನಪ್ಪನ ಇಂಜಿನಿಯರ್ ಮಗ ಈಶ್ವರನಿಗೂ ಶಂಭುಲಿಂಗನ ಮಗಳು ಕಾವ್ಯಳಿಗೂ ಸಂಬಂಧ ಕುದುರಿಸಲು ಓಡಾಡುತ್ತಿದ್ದವನು ಈ ಭರಮಣ್ಣನೇ. ಹುಡುಗಿ ಒಪ್ಪಿಗೆಯಾಗಿದ್ದಾಳೆ, ಜಾತಕದ ಗೋಜು ಅವರಿಗೂ ಇಲ್ಲ, ಇನ್ನೊಂದೇ ಒಂದು ಬಾಕಿ ಎಂದ. ಬರುವ ಭಾನುವಾರ ಎರಡೂ ಕಡೆಯ ಗಂಡಸರು ಉಜ್ಜಿನಪ್ಪನ ಬಂಗಲೆಯಲ್ಲಿ ಕೂಡಬೇಕು. ಗಣಿ ಶುರುವಾದ ಮೇಲೆ ಆ ಕಡೆಯ ದೊಡ್ಡವರ ಮನೆಗಳಲ್ಲಿ ಇದೊಂದು ಪದ್ಧತಿಯೇ ಆಗಿಬಿಟ್ಟಿದೆ. ವೀಳ್ಯಕ್ಕೆ ಮುಂಚೆ ಬೀಗರು ಒಂದು ಸಲ ಗ್ಲಾಸು ಹಿಡಿದು ಎದುರುಬದುರು ಕೂರುವುದು. ಹಣ್ಣು ಸಿಹಿ ಏನೂ ತರಬೇಡಿ ಎಂದು ಉಜ್ಜಿನಪ್ಪ ಹೇಳಿ ಕಳಿಸಿದ್ದನಂತೆ.

"ಒಂದು ಸಿಂಗಲ್ ಮಾಲ್ಟ್ ತರ್ರಿ, ನಿಮ್ಗ ಯಾವುದು ಸೇರ್ತೈತಿ ಅದ. ಬೀಗರ ಟೇಸ್ಟ್ ಹೆಂಗೈತಿ ನೋಡೂಣು ಅಂದಾರ್ರಿ," ಎಂದು ಹೇಳಿ ಭರಮಣ್ಣ ಮಜ್ಜಿಗೆ ಕುಡಿದು ಬಾಯಿ ಒರೆಸಿಕೊಂಡ.

ನಾವು ಲಿಂಗ ಕಟ್ಟಿದವರು, ಮುಟ್ಟುವುದಿಲ್ಲ ಎಂದು ಆಗಲೇ ಹೇಳಿಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಶಂಭುಲಿಂಗ ಮಾತು ಹುಡುಕಿ ತರುವಷ್ಟರಲ್ಲಿ ಭರಮಣ್ಣನ ಜೀಪು ಓಣಿ ದಾಟಿತ್ತು. ಹೆಂಡತಿ ಹಂಪಮ್ಮ ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಕುಡಿಯುವುದು ಬಿಡುವುದು ನಿಮಗೆ ಬಿಟ್ಟದ್ದು, ಹೋಗಿ ಕೂತು ಬರುವುದಕ್ಕೆ ಏನು ದಾಡಿ, ಇಂಥ ಮನೆ ಮತ್ತೆ ನಮ್ಮ ಹುಡುಗಿಗೆ ಸಿಕ್ಕೀತೇ ಎಂದಳು. ಅವಳಾಗಲೇ ಅರ್ಧ ಓಣಿಗೆ ಸುದ್ದಿ ಮುಟ್ಟಿಸಿ ಆಗಿತ್ತು.

ಶಂಭುಲಿಂಗನಿಗೆ ಮನೆಯ ದೊಡ್ಡತನ ಬೇಕಿರಲಿಲ್ಲ. ಉಜ್ಜಿನಪ್ಪ ಚೋರನೂರಿನ ಮಳೆಯಾಶ್ರಿತ ಹೊಲ ಬಿಟ್ಟು ಬಂದು ಒಂದು ಲಾರಿ ಓಡಿಸಿದವನು, ಆ ಲಾರಿ ಹತ್ತು ಲಾರಿಯಾಗಿ, ಕೆಂಪು ಮಣ್ಣಿನ ರಾಶಿಗಳಾಗಿ, ಗುಡ್ಡದ ಒಂದು ಮಗ್ಗುಲೇ ಅವನದಾಗಿ ಬೆಳೆದದ್ದು ಎಲ್ಲರಿಗೂ ಗೊತ್ತು. ಶಂಭುಲಿಂಗನಿಗೆ ಹಿಡಿಸಿದ್ದು ಹುಡುಗ. ಹೆಣ್ಣು ನೋಡಲು ಬಂದ ದಿನ ಈಶ್ವರ್ ತಲೆ ತಗ್ಗಿಸಿ ಕೂತಿದ್ದ. ಕೇಳಿದ್ದಕ್ಕೆ ಮೆಲ್ಲಗೆ ಉತ್ತರ, ಇಲ್ಲದಿದ್ದರೆ ಮೌನ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುವ ಕಾವ್ಯ, ಮೂರು ಸಂಬಂಧಗಳನ್ನು ಹುಡುಗರ ಬಾಯಿ ಜೋರು ಎಂದು ಬೇಡವೆಂದಿದ್ದವಳು, ಅವರು ಹೋದ ಮೇಲೆ ಅಪ್ಪನ ಹತ್ತಿರ ಬಂದು, "ಸುಮ್ಕಿರ್ತಾರಪ್ಪಾಜಿ ಅವ್ರು. ನಿನ್ನಂಗ," ಎಂದಿದ್ದಳು. ಆ ಒಂದು ಮಾತಿನ ಮೇಲೆ ಇಡೀ ಸಂಬಂಧ ನಿಂತಿತ್ತು. ತಾನು ಹೋಗಿ ಹಳ್ಳಿ ಗಮಾರನಂತೆ ಕೂತು, ಮಗಳು ಮೊದಲ ಸಲ ಹೂಂ ಎಂದದ್ದನ್ನು ಕೆಡಿಸಿ ಬಂದರೆ? ಮಿಲ್ಲಿನ ಯಂತ್ರದ ಜೊತೆ ಈ ಪ್ರಶ್ನೆಯೂ ದಿನವಿಡೀ ತಿರುಗುತ್ತಿತ್ತು.

ಬುಧವಾರ ಅವನು ಕಾರು ಬಿಟ್ಟು ಬಸ್ಸು ಹಿಡಿದ. ಕಾರು ಹೊಸಪೇಟೆಯ ಟಿ.ಬಿ. ಡ್ಯಾಂ ಕಾಲೋನಿಯಲ್ಲಿ ನಿಂತರೆ ನಾಲ್ಕು ಜನ ಗುರುತಿಸುತ್ತಾರೆ. ಅಲ್ಲಿ ಹೈಸ್ಕೂಲಿನ ಗೆಳೆಯ ಅಂಜಿನಯ್ಯನ ಮನೆಯಿತ್ತು. ಹಂಪಿ ನೋಡಲು ಬರುವ ಪರದೇಶದವರು ಇಳಿದುಕೊಳ್ಳುವ ಹೋಟೆಲಿನ ಬಾರಿನಲ್ಲಿ ಅಂಜಿನಯ್ಯನ ಅರ್ಧ ಆಯುಷ್ಯ ಕಳೆದಿತ್ತು. ಊರಿಗೆ ಹೊರಡುವವರು ತಳದಲ್ಲಿ ಉಳಿದ ಬಾಟಲಿಗಳನ್ನು ಅವನ ಕೈಗಿಟ್ಟು ಹೋಗುತ್ತಿದ್ದರು. ಅವನ್ನೆಲ್ಲ ಅವನು ಮಂಚದ ಕೆಳಗಿನ ಟ್ರಂಕಿನಲ್ಲಿ, ಹಳೆಯ ಲುಂಗಿಗಳ ನಡುವೆ, ಮೊಟ್ಟೆ ಇಟ್ಟಂತೆ ಇಟ್ಟಿದ್ದ.

ವಿಷಯ ಕೇಳಿ ಅಂಜಿನಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. ಮಠದ ಗಣಾಚಾರಿಗಳಂಥ ಕಟ್ಟಾ ಆಚಾರದ ಮನೆಯಲ್ಲಿ ಹುಟ್ಟಿ ನನ್ನ ಟ್ರಂಕು ಹುಡುಕಿಕೊಂಡು ಬಂದೆಯಲ್ಲೋ ಎಂದ. ನಕ್ಕು ಮುಗಿದ ಮೇಲೆ ಕದ ಮುಂದೆ ಮಾಡಿ, ಬಾಯಿ ಕಿರಿದಾದ ಗ್ಲಾಸುಗಳನ್ನು ತೊಳೆದು ಒರೆಸಿ ಇಟ್ಟ. ಸಿಂಗಲ್ ಮಾಲ್ಟ್ ಎಂದರೆ ಮೊಳಕೆ ಬಂದ ಬಾರ್ಲಿಯಿಂದ ಒಂದೇ ಭಟ್ಟಿಯಲ್ಲಿ ಇಳಿಸಿದ್ದು, ಹತ್ತು ಭಟ್ಟಿಯದನ್ನು ಬೆರೆಸಿದ್ದಲ್ಲ ಎಂದು ವಿವರಿಸಿದ. ನಿನ್ನ ಮಿಲ್ಲಿನಲ್ಲಿ ಒಂದೇ ಹೊಲದ ಸೋನಾಮಸೂರಿ ಬೇರೆ ಇಡುವುದಿಲ್ಲವೇ, ಹಾಗೆ. ಅದು ಶಂಭುಲಿಂಗನಿಗೆ ತಟ್ಟನೆ ಹತ್ತಿತು.

"ನಾ ಕುಡ್ಯಾದಿಲ್ಲಲೇ. ಮೂಸತೀನಿ ಅಷ್ಟ. ಮೂಸಿದ್ರ ಕುಡದಂಗ ಆಕೈತೇನು?"

"ಮದಿವಿ ಅಡ್ಗಿ ವಾಸ್ನಿಗೆ ನಿನ್ನ ಹೊಟ್ಟಿ ತುಂಬಿದ್ರ ಇದೂ ಕುಡದಂಗ ಆಕೈತಿ," ಎಂದ ಅಂಜಿನಯ್ಯ. "ಅರ್ಧಕ್ಕರ್ಧ ಇದು ಮೂಗಿಂದ ಆಟ. ಬಾಯಿ ತಗದು ಮೂಸು. ಮೂಗು ಒಳಗ ತುರುಕಬ್ಯಾಡ, ಸುಡತೈತಿ."

ಅವನು ಒಂದು ಕ್ರಮ ಹೇಳಿಕೊಟ್ಟ. ಹೊಸಬರು ಮೆತ್ತಗಿನದರಿಂದ ಶುರು ಮಾಡಬೇಕು, ಆಮೇಲೆ ತುಂಬಿದ ಮೈಯದು, ಹೊಗೆಯದು ಎಲ್ಲಕ್ಕಿಂತ ಕೊನೆಗೆ, ಅದೂ ಒಂದೆರಡು ವರ್ಷ ಕಳೆದ ಮೇಲೆ. ವಾಸನೆ ಬಿಗಿದುಕೊಂಡಿದೆ ಅನ್ನಿಸಿದರೆ ಎರಡು ಹನಿ ನೀರು ಬಿಡಬೇಕು, ಬಿಗಿ ಬಿಚ್ಚುತ್ತದೆ. ಸೋಡಾ, ಕೋಲಾ ಮುಟ್ಟಿಸಬಾರದು. ಬೆಲೆ ನೋಡಿ ಕೊಳ್ಳಬಾರದು, ವಯಸ್ಸು ನೋಡಿಯೂ ಕೊಳ್ಳಬಾರದು, ಮೂಗು ಹೇಳಿದ್ದನ್ನು ಕೊಳ್ಳಬೇಕು.

ಮೊದಲ ಗ್ಲಾಸು ಗ್ಲೆನ್‌ಲಿವೆಟ್. ಶಂಭುಲಿಂಗ ಕಣ್ಣು ಮುಚ್ಚಿ ಮೂಸಿದ. ಸ್ಪಿರಿಟ್ಟಿನ ಚುರುಕಿನ ಹಿಂದೆ, ಕಮಲಾಪುರದ ತೋಟದಲ್ಲಿ ಇನ್ನೇನು ಹಣ್ಣಾಗಲಿರುವ ಸುಗಂಧಿ ಬಾಳೆಯ ಗೊನೆ, ಅದರ ಬುಡದ ಹಸಿ ಹುಲ್ಲು. ಎರಡನೆಯದು ಮೆಕ್ಯಾಲನ್, ದ್ರಾಕ್ಷಿ ಮದ್ಯವಿದ್ದ ಪೀಪಾಯಿಯಲ್ಲಿ ಮಲಗಿ ಎದ್ದದ್ದಂತೆ. ಅದರಲ್ಲಿ ಉತ್ತತ್ತಿ, ಬೆಲ್ಲ, ಹೋಳಿಗೆ ಮಾಡುವ ದಿನ ಹೂರಣ ರುಬ್ಬಿದ ಕಲ್ಲು. ಇದರಲ್ಲಿ ಹೆದರುವಂಥದ್ದೇನಿದೆ, ಎಲ್ಲ ನಮ್ಮ ಮನೆಯ ವಾಸನೆಗಳೇ ಎಂದು ಇವನಿಗೆ ಅನ್ನಿಸಿತು.

ಮೂರನೆಯದನ್ನು ಅಂಜಿನಯ್ಯ ತೋರಿಸಲಷ್ಟೇ ಸುರಿದ. ಲಫ್ರಾಯ್ಗ್ ಎಂದು ಹೆಸರು. ಬಿಳಿಯರೇ ನಾಲ್ಕು ಥರ ಅನ್ನುತ್ತಾರೆ, ನೀನು ಬಾಯಿ ನೋಯಿಸಿಕೊಳ್ಳಬೇಡ ಎಂದ. ಬಾರ್ಲಿಯನ್ನು ಜವುಗು ನೆಲದ ಕರಿ ಮಣ್ಣಿನ ಹೆಂಟೆ ಸುಟ್ಟ ಹೊಗೆಯಲ್ಲಿ ಒಣಗಿಸುತ್ತಾರಂತೆ. ಅದನ್ನು ಮೂಗಿಗೆ ಹಿಡಿದ ಶಂಭುಲಿಂಗ ಬೆಚ್ಚಿ ಗ್ಲಾಸು ಕೆಳಗಿಟ್ಟ. ಮತ್ತೆ ಎತ್ತಿಕೊಂಡ. ಅಜ್ಜಿ ಚೆನ್ನಬಸಮ್ಮ ಹಿತ್ತಲಿನಲ್ಲಿ ಗುಂಡಿ ತೋಡಿ, ನೆಲ್ಲಿನ ಹೊಟ್ಟು ಹಾಸಿ, ಒಣಗಿದ ಸಗಣಿ ಉಂಡೆಗಳನ್ನು ಜೋಡಿಸಿ ವಿಭೂತಿಗೆ ಸುಡುತ್ತಿದ್ದಳಲ್ಲ, ಆ ಗುಂಡಿಯ ಮೂರನೆಯ ದಿನದ ಹೊಗೆ ಇದು. ಅದೇ ಸೌಮ್ಯ, ಅದೇ ಕಟು. ಪಕ್ಕದಲ್ಲಿ ಕೂತ ಅಜ್ಜಿ ವಚನ ಹೇಳುತ್ತ ಉಂಡೆ ತಿರುವುತ್ತಿದ್ದಳು, ಇವನು ಕೇಳುತ್ತ ಕೂತಿರುತ್ತಿದ್ದ. ಅದನ್ನು ಹೆಂಡದ ಗ್ಲಾಸಿನಲ್ಲಿ ಮೂಸುತ್ತಿದ್ದೇನಲ್ಲ ಎಂದು ಇವನ ಕೈ ಅಂಗಿಯ ಮೇಲಿಂದಲೇ ಲಿಂಗವನ್ನು ಮುಟ್ಟಿ ನೋಡಿಕೊಂಡಿತು.

"ಅದು ಬ್ಯಾಡಲೇ ಶಂಭು. ಅದು ಕುಡುಕರ್ನ ಹೆದರಿಸತೈತಿ. ಮೊದಲ್ನೇದು ಇಲ್ಲಾ ಎರಡ್ನೇದು ಒಯ್ಯಿ. ಎಲ್ಲಾರೂ ಹೌದ್ಹೌದು ಅಂತಾರ," ಎಂದು ಅಂಜಿನಯ್ಯ ಒತ್ತಿ ಹೇಳಿದ. ಅಲ್ಲಿ ಹೋಗಿ ಹೇಗೆ ನಡೆದುಕೊಳ್ಳಬೇಕೆಂದೂ ಕಲಿಸಿದ: ಗ್ಲಾಸು ಹಿಡಿ, ತಿರುಗಿಸು, ಮೂಸು, ಬಾಳೆಹಣ್ಣು ಉತ್ತತ್ತಿ ಅಂತ ಒಂದು ಮಾತು ಬಿಡು, ತುಟಿಗೆ ತಾಗಿಸಿದ ಹಾಗೆ ಮಾಡಿ ಕೆಳಗಿಡು, ಎರಡನೆಯ ಸುತ್ತಿಗೆ ಯಾರೂ ಯಾರ ಗ್ಲಾಸನ್ನೂ ನೋಡುವುದಿಲ್ಲ.

ಶಂಭುಲಿಂಗ ತಲೆಯಾಡಿಸಿ ಬಂದ. ಆದರೆ ಶುಕ್ರವಾರ ಹೊಸಪೇಟೆಯ ದೊಡ್ಡ ವೈನ್ ಶಾಪಿನ ಮುಂದೆ ಹೋಗಿ ನಿಂತಾಗ ತಲೆಯಲ್ಲಿ ಏನೂ ಉಳಿದಿರಲಿಲ್ಲ. ಗಣಿ ದುಡ್ಡು ಹರಿದ ಮೇಲೆ ಆ ಅಂಗಡಿಯಲ್ಲಿ ಲಂಡನ್ನಿನಲ್ಲಿ ಸಿಗುವುದೆಲ್ಲ ಸಿಗುತ್ತಿತ್ತು. ಕೆಂಪು ಧೂಳು ಮೆತ್ತಿದ ಜೀಪುಗಳು ಸಾಲಾಗಿ ನಿಂತಿದ್ದವು. ಇವನು ಎರಡು ಸಲ ಅಂಗಡಿ ದಾಟಿ ಹೋಗಿ, ಎದುರಿನ ಕಬ್ಬಿಣದ ಅಂಗಡಿಯಲ್ಲಿ ಬೇಡದ ಮೊಳೆ ಕೊಂಡು, ಮೂರನೆಯ ಸಲ ಒಳಗೆ ನುಗ್ಗಿದ. ಕೌಂಟರಿನವನು ಯಾವುದು ಬೇಕೆಂದು ಕೇಳಿದ. ಗ್ಲೆನ್‌ಲಿವೆಟ್ ಎನ್ನಬೇಕೆಂದು ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡು ಬಂದಿದ್ದ. ಇವನ ಬೆರಳು ಮೇಲಿನ ಸಾಲಿನ ಹಸಿರು ಬಾಟಲಿಯತ್ತ ಹೋಗಿತ್ತು.

"ಆ ಹೊಗಿ ವಾಸ್ನಿದು ಕೊಡ್ರಿ."

ಮೂಗು ಹೇಳಿದ್ದನ್ನು ಕೊಳ್ಳು ಎಂದವನು ಅಂಜಿನಯ್ಯನೇ ಅಲ್ಲವೇ ಎಂದು ದಾರಿಯುದ್ದಕ್ಕೂ ಸಮಾಧಾನ ಮಾಡಿಕೊಂಡ. ಬಾಟಲಿಯನ್ನು ಅಕ್ಕಿ ಚೀಲದ ಬಟ್ಟೆಯಲ್ಲಿ ಸುತ್ತಿ ಮಿಲ್ಲಿನ ಗೋದಾಮಿನಲ್ಲಿ ಇಟ್ಟ, ಮನೆಯೊಳಗೆ ತರಲಿಲ್ಲ. ಶನಿವಾರ ಎರಡು ಸಲ ಹೋಗಿ ಇದೆಯೇ ಎಂದು ನೋಡಿ ಬಂದ.

ಭಾನುವಾರ ಮಧ್ಯಾಹ್ನ ಭರಮಣ್ಣನ ಜೀಪಿನಲ್ಲಿ ಹೊರಟರು. ಬಾಟಲಿಯನ್ನು ಎಲ್ಲಿಡುವುದೆಂಬುದೇ ಒಂದು ತೊಡಕಾಯಿತು. ತೊಡೆಯ ಮೇಲಿಟ್ಟರೆ ಎದೆಯ ಲಿಂಗಕ್ಕೆ ಹತ್ತಿರ. ಹಿಂದೆ ಇಟ್ಟರೆ ಒಡೆಯುವ ಭಯ. ಕಡೆಗೆ ಎರಡು ಪಾದಗಳ ನಡುವೆ ನಿಲ್ಲಿಸಿಕೊಂಡ. ಸಂಡೂರಿನ ಘಟ್ಟದಲ್ಲಿ ಅದಿರಿನ ಲಾರಿಗಳು ಒಂದರ ಬಾಲಕ್ಕೊಂದು ಅಂಟಿಕೊಂಡು ನಿಂತಿದ್ದವು. ಗಿಡ, ಬಂಡೆ, ದನ, ಬಸ್ ಸ್ಟಾಪಿನ ಬೆಂಚು ಎಲ್ಲಕ್ಕೂ ಒಂದೇ ಕೆಂಪು. ಭರಮಣ್ಣ ಹಾರ್ನ್ ಒತ್ತುತ್ತ, ಉಜ್ಜಿನಪ್ಪನವರು ಹೊಸದಾಗಿ ಕೊಂಡ ಕಾರಿನ ವರ್ಣನೆ ಮಾಡುತ್ತಿದ್ದ. ಶಂಭುಲಿಂಗ ಒಳಗೊಳಗೇ ಪಾಠ ಒಪ್ಪಿಸಿಕೊಳ್ಳುತ್ತಿದ್ದ: ಹಿಡಿ, ತಿರುಗಿಸು, ಮೂಸು. ಲಿಂಗ ಕಟ್ಟಿಕೊಂಡು ಕುಡಿಯುವುದು ದೊಡ್ಡ ತಪ್ಪೋ, ಕುಡಿದಂತೆ ನಟಿಸುವುದು ದೊಡ್ಡ ತಪ್ಪೋ ತಿಳಿಯದೆ ಎರಡನ್ನೂ ತೂಗಿ ತೂಗಿ ಸಾಕಾಗಿದ್ದ. ಇಳಿದು ತಿರುಗಿ ಹೋಗಿಬಿಡಲೇ ಅನ್ನಿಸಿತು. ಕಾವ್ಯಳ ಮುಖ ನೆನಪಾಗಿ ಕೂತ.

ಬಂಗಲೆಯ ಹಾಲಿನಲ್ಲಿ ಕನ್ನಡಿಯಂಥ ಕಲ್ಲುಹಾಸು, ಗೋಡೆಯಷ್ಟು ಟೀವಿ, ಮೂಲೆಯಲ್ಲಿ ಬೆಳ್ಳಿ ಕಟ್ಟಿನ ತೂಗುಮಂಚ. ಉಜ್ಜಿನಪ್ಪ ದಪ್ಪ ಮೀಸೆಯ, ದೊಡ್ಡ ದನಿಯ ಮನುಷ್ಯ. ಬರ್ರಿ ಬೀಗ್ರ, ಕುಂದ್ರಿ ಎಂದು ಎರಡೂ ಕೈ ಹಿಡಿದು ಕೂರಿಸಿದ. ಅವನು ಆಗಲೇ ಎರಡು ಪೆಗ್ಗಿನ ಹುರುಪಿನಲ್ಲಿದ್ದ. ಈಶ್ವರ್ ಬಂದು ಕಾಲಿಗೆ ನಮಸ್ಕರಿಸಿ ತಂದೆಯ ಪಕ್ಕದ ಕುರ್ಚಿಯ ತುದಿಯಲ್ಲಿ ಕೂತ. ಅವನ ಮುಂದೆಯೂ ಒಂದು ಗ್ಲಾಸಿತ್ತು, ಅರ್ಧ ತುಂಬಿತ್ತು.

ಉಜ್ಜಿನಪ್ಪ ಚೀಲದ ಬಟ್ಟೆ ಬಿಚ್ಚಿ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದ. ಬಿರಡೆ ತೆಗೆದು ಮೂಗಿಗೆ ಹಿಡಿದವನೇ ಮುಖವನ್ನು ದೂರ ಎಳೆದುಕೊಂಡ.

"ಏನ್ರಿ ಬೀಗ್ರ, ಸರಕಾರಿ ದವಾಖಾನಿಯಾಗ ಬಾಟ್ಲಿ ತುಂಬಿಸ್ಕಂಡು ಬಂದ್ರೇನು?"

ಭರಮಣ್ಣ ತೊಡೆ ತಟ್ಟಿ ನಕ್ಕ. ಫಿನಾಯಿಲು, ಟಿಂಚರು, ಗಾಯದ ಮುಲಾಮು ಎಂದು ಇಬ್ಬರೂ ಒಂದೊಂದು ಹೆಸರಿಟ್ಟರು. ಕುಡಿಸೂದೋ ಗಾಯಕ್ಕ ಹಚ್ಚೂದೋ ಎಂದ ಉಜ್ಜಿನಪ್ಪ, ನೀನು ನೋಡಲೇ ಇಂಜಿನಿಯರ್ ಎಂದು ಬಾಟಲಿಯನ್ನು ಮಗನ ಕೈಗೆ ಕೊಟ್ಟ. ಈಶ್ವರ್ ಮೂಸಿದ. ಶಂಭುಲಿಂಗ ನೋಡುತ್ತಿದ್ದ. ಹುಡುಗನ ಮುಖ ಒಂದು ಗಳಿಗೆ ಅರಳಿತು. ಇನ್ನೊಮ್ಮೆ ಮೂಗನ್ನು ಹತ್ತಿರ ಒಯ್ದ. ಆಮೇಲೆ ತಂದೆಯ ಕಡೆ ನೋಡಿ, ಮುಖ ಸಿಂಡರಿಸಿಕೊಂಡು, ಹೌದಪ್ಪಾಜಿ, ದವಾಖಾನಿ ವಾಸ್ನಿನ ಎಂದು ಬಾಟಲಿ ಹಿಂದಕ್ಕೆ ಕೊಟ್ಟ.

ತಂದವರಿಗೇ ಮೊದಲು ಎನ್ನುತ್ತ ಉಜ್ಜಿನಪ್ಪ ಎದ್ದು ಬಂದ. ಶಂಭುಲಿಂಗ ತಗ್ಗಿನ ಸೋಫಾದಲ್ಲಿ ಕೂತಿದ್ದ, ಬೀಗ ಎದುರಿಗೆ ನಿಂತು ಬಾಟಲಿ ಬಗ್ಗಿಸಿದ. ಹೊಗೆಯ ವಾಸನೆ ಮೇಲಿನಿಂದ ಇಳಿದು ಬಂದು ಮುಖಕ್ಕೆ ತಾಗಿತು. ಮುಂದೆ ಆದದ್ದನ್ನು ಶಂಭುಲಿಂಗ ಮಾಡಲಿಲ್ಲ, ಅವನ ಕೈ ಮಾಡಿತು. ವಿಭೂತಿಯ ವಾಸನೆ, ಎದುರಿಗೆ ನಿಂತು ಸುರಿಯಲು ಬಾಗಿದ ಮನುಷ್ಯ; ನೆನಪು ಬಂದಾಗಿನಿಂದ ಪ್ರತಿದಿನ ಮಾಡಿದ್ದನ್ನೇ ಕೈ ಮಾಡಿತು. ಬಲಗೈ ಬಟ್ಟಲಾಗಿ ಮುಂದೆ ಬಂತು, ಎಡಗೈ ಅದರ ಕೆಳಗೆ ಬಂದು ಕೂತಿತು.

ಸುರಿಯುವವನ ಕೈಗೂ ಆ ಬಟ್ಟಲಿನ ಗುರುತಿತ್ತೆಂದು ಕಾಣುತ್ತದೆ. ಮೇಜಿನ ಮೇಲಿನ ಗ್ಲಾಸು ಬಿಟ್ಟು ಅದು ಅಂಗೈಗೇ ಸುರಿಯಿತು.

ತಂಪಾದ ದ್ರವ ಅಂಗೈಯಲ್ಲಿ ನಿಂತ ಮೇಲೆ ಶಂಭುಲಿಂಗನಿಗೆ ಎಚ್ಚರವಾಯಿತು. ಆದರೆ ಅಷ್ಟರಲ್ಲಿ ಇನ್ನೊಂದು ನಿಯಮ ಅವನನ್ನು ಹಿಡಿದಿತ್ತು: ಅಂಗೈಗೆ ಬಿದ್ದ ತೀರ್ಥ ನೆಲಕ್ಕೆ ಬೀಳಬಾರದು. ಇದು ತೀರ್ಥವಲ್ಲ ಎಂದು ಬುದ್ಧಿ ಕೂಗುತ್ತಿದ್ದರೂ ಬಾಯಿ ಬಾಗಿ ಮೂರು ಗುಟುಕಿನಲ್ಲಿ ಹೀರಿಕೊಂಡಿತು. ನಾಲಿಗೆಯಿಂದ ಹೊಕ್ಕುಳದವರೆಗೆ ಬೆಂಕಿಯ ಎಳೆಯೊಂದು ಇಳಿಯಿತು. ಒದ್ದೆ ಕೈ ತನ್ನ ಪಾಡಿಗೆ ಎರಡೂ ಕಣ್ಣಿಗೆ ಒತ್ತಿಕೊಂಡು, ನೆತ್ತಿಗೆ ಸವರಿಕೊಂಡಿತು.

ಕಣ್ಣಿಗೆ ಮೆಣಸಿನ ಪುಡಿ ಎರಚಿದಂತಾಯಿತು. ಧಾರೆಯಾಗಿ ಇಳಿಯುತ್ತಿದ್ದ ನೀರಿನ ಮೂಲಕ, ಅರೆ ತೆರೆದ ಒಂದೇ ಕಣ್ಣಿನಲ್ಲಿ ಶಂಭುಲಿಂಗನಿಗೆ ಎದುರಿಗೆ ಕಂಡದ್ದು ಈಶ್ವರ್. ಹುಡುಗ ನಗುತ್ತಿರಲಿಲ್ಲ, ಮರುಗುತ್ತಲೂ ಇರಲಿಲ್ಲ. ಕುರ್ಚಿಯ ತುದಿಯಲ್ಲಿ ಹಾಗೇ ಕೂತು ತಂದೆಯ ಮುಖ ನೋಡುತ್ತಿದ್ದ. ಉಜ್ಜಿನಪ್ಪನ ಹೊಟ್ಟೆ ಕುಲುಕಿ ನಗು ಒಡೆಯಿತು. ಆಗ ಈಶ್ವರನೂ ನಕ್ಕ, ಎಲ್ಲರಿಗಿಂತ ಜೋರಾಗಿ ನಕ್ಕ. ಉಜ್ಜಿನಪ್ಪ ನಗುವುದನ್ನು ನಿಲ್ಲಿಸಿದ. ಮಗನದೂ ನಲ್ಲಿ ತಿರುವಿದಂತೆ ನಿಂತಿತು.

ಉಜ್ಜಿನಪ್ಪ ನಿಂತೇ ಇದ್ದ. ಹೆಗಲ ಟವೆಲನ್ನು ಜಗ್ಗಿನ ನೀರಿನಲ್ಲಿ ಅದ್ದಿ ಹಿಂಡಿ, ಬೀಗನ ತಲೆಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ಮಗುವಿಗೆ ಒರೆಸುವಂತೆ ತಾನೇ ಕಣ್ಣು ಒರೆಸಿದ.

"ಕುಡ್ಯಾದಿಲ್ಲಂತ ಮೊದ್ಲ ಹೇಳಬಾರದೇನ್ರಿ? ನಾ ಏನು ಹುಲಿಯೇನು?" ಅವನ ದನಿ ತಗ್ಗಿತ್ತು. "ನಮ್ಮವ್ವ ಚೋರನೂರಾಗ ಹಿಂಗ ಕೈ ಹಿಡಿಸ್ತಿದ್ಲ್ರಿ. ಒಂದು ಹನಿ ಬಿದ್ರ ಬೈತಿದ್ಲು."

ಅವನ ಕೈ ತನ್ನ ಅಂಗಿಯೊಳಗೆ ಎದೆಯ ಹತ್ತಿರ ಹೋಗಿ, ಅಲ್ಲಿ ಏನೂ ಸಿಗದೆ ಹೊರಗೆ ಬಂತು. ಆಮೇಲೆ ಅವನು ಒಳಗಿನವರಿಗೆ ಕೇಳುವಂತೆ, ಇಂಥ ಮನೆಯ ಹೆಣ್ಣೇ ನಮಗೆ ಬೇಕು, ನಾಳೆ ನಾಡಿದ್ದು ಎಂಬುದಿಲ್ಲ, ಈಗಲೇ ವೀಳ್ಯ ಆಗಿಬಿಡಲಿ, ತಟ್ಟೆ ತರ್ರಿ ಎಂದು ಕೂಗಿದ. ಭರಮಣ್ಣ ಎದ್ದು ನಿಂತು ಕೈಕೈ ಉಜ್ಜಿಕೊಂಡ. ಯಾವುದು ಕೆಡುತ್ತದೆಂದು ಶಂಭುಲಿಂಗ ವಾರವಿಡೀ ನಿದ್ದೆಗೆಟ್ಟಿದ್ದನೋ ಅದು ಕೈ ತಪ್ಪಿನಿಂದಲೇ ಗಟ್ಟಿಯಾಗಿ ಕೂತಿತ್ತು. ಅವನಿಗೆ ಸಂತೋಷವಾಗಬೇಕಿತ್ತು. ಅವನ ಉರಿಯುವ ಕಣ್ಣು ಮಾತ್ರ ಕುರ್ಚಿಯ ತುದಿಯನ್ನೇ ನೋಡುತ್ತಿತ್ತು.

ಅವನು ಯಾರನ್ನೂ ಏನನ್ನೂ ಕೇಳುವವನಲ್ಲ. ಆದರೂ ಕೇಳಿದ.

"ಈಶ್ವರಪ್ಪಾರ, ನಿಮ್ಗ ಆ ವಾಸ್ನಿ ಖರೇನ ಹೆಂಗ ಅನಿಸ್ತ್ರಿ?"

ಹುಡುಗ ಬಾಯಿ ತೆರೆದ. ಕಣ್ಣು ತಂದೆಯ ಕಡೆ ಹೊರಳಿತು. ನೀನ ಹೇಳಲೇ ಎಂದ ಉಜ್ಜಿನಪ್ಪ.

"ಅಪ್ಪಾಜಿ ಹೇಳಿದಂಗ ರೀ."

ತಟ್ಟೆ ಬಂತು. ಎಲೆ, ಅಡಿಕೆ, ಸಕ್ಕರೆ, ತೆಂಗಿನಕಾಯಿ. ಶಂಭುಲಿಂಗ ಎದ್ದು ನಿಂತು, ಕೈ ಮುಗಿದು, ಈ ಬಾಯಿಯಲ್ಲಿ ವೀಳ್ಯ ತೆಗೆದುಕೊಳ್ಳಲು ಬರುವುದಿಲ್ಲ, ತಪ್ಪಾಗಿದೆ, ಮೊದಲು ಮೈ ತೊಳೆದುಕೊಳ್ಳಬೇಕು, ಇನ್ನೊಂದು ದಿನ ಎಂದ. ಅದು ಸುಳ್ಳಾಗಿರಲಿಲ್ಲ. ಪೂರ್ತಿ ನಿಜವೂ ಆಗಿರಲಿಲ್ಲ. ಉಜ್ಜಿನಪ್ಪ ಕಣ್ಣಂಚು ಒರೆಸಿಕೊಂಡು, ದೊಡ್ಡ ಮಾತಂದ್ರಿ ಬೀಗ್ರ ಎಂದು ತಟ್ಟೆಯನ್ನು ಒಳಗೆ ಕಳಿಸಿದ. ಆ ಮನುಷ್ಯನ ಒಳ್ಳೆಯತನವೇ ಶಂಭುಲಿಂಗನಿಗೆ ಹೊರೆಯಾಯಿತು.

ದಾರಿಯಲ್ಲಿ ಭರಮಣ್ಣ ಒಬ್ಬನೇ ಮಾತಾಡಿದ. ಮನೆಗೆ ಬಂದರೆ ಹಂಪಮ್ಮ ಬಾಗಿಲಲ್ಲೇ ನಿಂತಿದ್ದಳು. ಅವರು ಒಪ್ಪಿದ್ದಾರೆ ಎಂದಷ್ಟೇ ಹೇಳಿ ಬಚ್ಚಲಿಗೆ ಹೋದ. ತಲೆಯ ಮೇಲೆ ನೀರು ಹೊಯ್ದುಕೊಂಡೇ ಹೊಯ್ದುಕೊಂಡ. ಮರುದಿನ ಬೆಳಗ್ಗೆ ಪೂಜೆಗೆ ಕೂತು ಲಿಂಗವನ್ನು ಎಡ ಅಂಗೈಯಲ್ಲಿ ಇರಿಸಿಕೊಂಡಾಗ, ಹೆಂಡ ಹಿಡಿದ ಕೈಯಿಂದ ಮುಟ್ಟಲು ಅರ್ಹನೋ ಅಲ್ಲವೋ ಎಂದು ಬಲಗೈ ಬಹಳ ಹೊತ್ತು ಗಾಳಿಯಲ್ಲೇ ನಿಂತಿತ್ತು. ಕೊನೆಗೆ ಮುಟ್ಟಿದ. ಬೇರೆ ದಾರಿ ತಿಳಿದಿರಲಿಲ್ಲ. ಎದ್ದು ಬಂದು ಜಗಲಿಯಲ್ಲಿ ಅಡ್ಡಾಡತೊಡಗಿದ.

ಕಾವ್ಯ ಕಾಲೇಜಿಗೆ ಹೊರಡಲು ಚಪ್ಪಲಿ ಮೆಟ್ಟುತ್ತಿದ್ದಳು. ಬಾರವ್ವ ಇಲ್ಲಿ ಎಂದು ಪಕ್ಕ ಕೂರಿಸಿಕೊಂಡು ಎಲ್ಲ ಹೇಳಿದ. ಅಂಜಿನಯ್ಯನ ಟ್ರಂಕಿನಿಂದ ಹಿಡಿದು ಬೀಗನ ಟವೆಲಿನವರೆಗೆ ಒಂದೂ ಬಿಡಲಿಲ್ಲ. ಅಪ್ಪ ಅಷ್ಟು ಮಾತಾಡಿದ್ದನ್ನು ಅವಳು ಕಂಡೇ ಇರಲಿಲ್ಲ. ಅಂಗೈ ಚಾಚಿದ ಕಡೆಗೆ ಬಂದಾಗ ಸೆರಗು ಬಾಯಿಗೆ ಒತ್ತಿಕೊಂಡು, ಅಡುಗೆಮನೆಗೆ ಕೇಳದಂತೆ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ನಗು ಇಳಿದ ಮೇಲೆ ಕೇಳಿದಳು:

"ಅವ್ರೂ ನಕ್ಕ್ರೇನು?"

"ನಕ್ಕ್ರವ್ವ. ಅವರಪ್ಪ ನಕ್ಕಮ್ಯಾಲ."

ಶಂಭುಲಿಂಗ ಎದ್ದು ಕಂಬಕ್ಕೆ ಕೈ ಆನಿಸಿ ನಿಂತ.

"ನಾ ಸುಮ್ಕಿರಾದು ಕೇಳಾಕವ್ವ. ಆ ಹುಡುಗ ಸುಮ್ಕಿರಾದು ಕಾಯಾಕ. ಅವರಪ್ಪ ಏನಂತಾನಂತ." ಆಮೇಲೆ ಸೇರಿಸಿದ, "ನಂದೂ ಕಣ್ಣು ಉರೀತಿದ್ವು. ತಪ್ಪು ಕಂಡಿದ್ರೂ ಕಂಡಿರಬೋದು."

ಕಾವ್ಯ ಚೀಲದ ದಾರವನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. ಒಂದು ನೋಟಕ್ಕೆ ಒಬ್ಬರನ್ನು ಬಿಟ್ಟುಬಿಡಬಾರದು, ಅವರು ಒಬ್ಬರೇ ಇಲ್ಲಿಗೆ ಬರಲಿ, ನದಿಯ ಕಡೆ ಒಂದಿಷ್ಟು ನಡೆದು ಬರುತ್ತೇವೆ, ನಾನೇ ಮಾತಾಡಿ ನೋಡುತ್ತೇನೆ ಎಂದಳು. ನ್ಯಾಯವಾದ ಮಾತು. ಶಂಭುಲಿಂಗ ಮೊಬೈಲು ತೆಗೆದು ಈಶ್ವರನ ನಂಬರಿಗೆ ಹಚ್ಚಿದ. ಮಗಳಿಗೂ ಕೇಳಲೆಂದು ಸ್ಪೀಕರಿಗೆ ಹಾಕಿದ. ಆ ಕಡೆ ಲಾರಿಗಳ ಸದ್ದು. ಹುಡುಗ ಗಣಿಯ ಹತ್ತಿರ ಇದ್ದಿರಬೇಕು. ಶಂಭುಲಿಂಗ ವಿಷಯ ತಿಳಿಸಿದ. ಊಟಕ್ಕೆ ಬನ್ನಿ, ಒಬ್ಬರೇ ಬನ್ನಿ, ಕಾವ್ಯ ನಿಮ್ಮ ಜೊತೆ ಮಾತಾಡಬೇಕೆಂದಿದ್ದಾಳೆ.

"ಆತ್ರಿ ಮಾವಾರ," ಎಂದ ಈಶ್ವರ್. ಒಂದು ಲಾರಿ ದಾಟಿ ಹೋಯಿತು. "ಅಪ್ಪಾಜಿನ್ನ ಕೇಳಿ ಹೇಳ್ತೀನ್ರಿ."

"ಇದು ನಿಮ್ಮಿಬ್ಬರ ಮಾತು ಐತ್ರಿ."

"ಹೌದ್ರಿ. ಆದ್ರೂ ಒಂದು ಮಾತು ಕೇಳಿಬಿಡ್ತೀನಿ."

ಶಂಭುಲಿಂಗ ಮಗಳ ಕಡೆ ನೋಡಲಿಲ್ಲ. ಅವಳೇ ಕೈ ಚಾಚಿ ಮೊಬೈಲು ತೆಗೆದುಕೊಂಡಳು.

"ನಾನ್ರೀ, ಕಾವ್ಯ. ಕೇಳಬ್ಯಾಡ್ರಿ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಬೇಸರವಿತ್ತು, ಅದನ್ನು ಅವಳು ಮುಚ್ಚಲೂ ಇಲ್ಲ. "ಏನೂ ಕೇಳೂದು ಬ್ಯಾಡ. ನಮ್ಮ ಕಡಿಂದ ಇಲ್ಲಿಗೆ ಸಾಕ್ರಿ. ನಿಮ್ಮ ಅಪ್ಪಾರಿಗೆ ನಮ್ಮಪ್ಪಾಜಿ ಬಂದು ಹೇಳ್ತಾರ, ಅವರು ಮರ್ಯಾದಿಲೆ ನಡ್ಕಂಡಾರ."

ಆ ಕಡೆ ಈಶ್ವರ್ ಏನೋ ಹೇಳಲು ಶುರು ಮಾಡಿದ್ದ. ಲಾರಿಯ ಸದ್ದಿನಲ್ಲಿ ಕೇಳಲಿಲ್ಲ. ಅವಳು ಸ್ವಲ್ಪ ಕಾದಳು. ಆಮೇಲೆ ಗುಂಡಿ ಒತ್ತಿ, ಮೊಬೈಲನ್ನು ಅಪ್ಪನ ಜೇಬಿಗೆ ಹಾಕಿ, ಕಾಲೇಜಿಗೆ ತಡವಾಯಿತೆಂದು ಎದ್ದಳು. ಓಣಿಯ ತಿರುವಿನವರೆಗೂ ಅವಳ ನಡಿಗೆ ಎಂದಿಗಿಂತ ಬಿರುಸಾಗಿತ್ತು.

ಅಡುಗೆಮನೆಯಿಂದ ಹಂಪಮ್ಮ, ಯಾರ ಫೋನು, ಬೀಗರದೇನು, ವೀಳ್ಯ ಯಾವತ್ತಂತೆ ಎಂದು ಕೇಳಿದಳು. ಒಗ್ಗರಣೆಯ ಸದ್ದಿನ ನಡುವೆಯೂ ಅವಳ ದನಿಯಲ್ಲಿ ಹಬ್ಬವಿತ್ತು. ಅವಳಿಗೆ ಹೇಳಬೇಕು, ಆಮೇಲೆ ಓಣಿಗೆ, ಆಮೇಲೆ ಸಂಡೂರಿನ ಘಟ್ಟ ಹತ್ತಿ, ತನ್ನ ಕಣ್ಣು ಒರೆಸಿದ ಆ ಮನುಷ್ಯನ ಎದುರಿಗೆ ನಿಂತು. ಶಂಭುಲಿಂಗ ಒಂದು ಸಲ ಬೀದಿಬಾಗಿಲ ಕಡೆ, ಒಂದು ಸಲ ಒಳಗೆ ನೋಡಿದ. ಮಿಲ್ಲಿಗೆ ಹೋಗಿಬಿಡಲು ಕಾಲು ಎಳೆಯುತ್ತಿತ್ತು.

"ಬಂದೆ," ಎಂದ, ಮತ್ತು ಮಾತು ಇನ್ನೂ ಜೋಡಿಸಿಕೊಳ್ಳದೆಯೇ ಅಡುಗೆಮನೆಯ ಹೊಸ್ತಿಲು ದಾಟಿದ.